ಬೆಣ್ಣೆ ಬಿಟ್ಟು ಓಡುವವರಿಗೆ

ಹಾಲು, ಮೊಟ್ಟೆ ಬಿಟ್ಟು ಓಡುವವರು ಏನು, ಯಾವಾಗ ತಿನ್ನಬೇಕು ಅಂತ ಕುಂದವಾಡ ಕೆರೆ ಹತ್ತಿರ ಬೆಳಿಗ್ಗೆ ಓಡುವಾಗ ಸಿಗುವ ಇಬ್ಬರು ಕೇಳಿದ್ದರು, ಅದಕ್ಕೇ ಬರೆಯುತ್ತಿದ್ದೇನೆ. ಹಾಲು, ಮೊಸರು, ಮೊಟ್ಟೆ ಬಿಟ್ಟು ಎಂಟು ತಿಂಗಳಾಯಿತು. ದಾವಣಗೆರೆಯಲ್ಲಿದ್ದುಕೊಂಡು ಬೆಣ್ಣೆ ದೋಸೆ ಬಿಡುವುದು 21 ಕಿಲೋಮೀಟರ್ ಓಡುವುದಕ್ಕಿಂತ ಕಷ್ಟ, ಮೊದಲೇ ಹೇಳಿಬಿಡುತ್ತೇನೆ.

ಏನು ತಿನ್ನುವುದು ಅನ್ನುವುದು ದೊಡ್ಡ ಚಿಂತೆಯಲ್ಲ. ಜೋಳದ ರೊಟ್ಟಿ, ಹೆಸರುಕಾಳು ಪಲ್ಯ, ಶೇಂಗಾ ಚಟ್ನಿಪುಡಿಗೆ ಮೊಸರಿನ ಬದಲು ಕುಸುಬೆ ಎಣ್ಣೆ. ಎಡವಟ್ಟಾಗುವುದು ಯಾವಾಗ ತಿನ್ನುತ್ತೇವೆ ಅನ್ನುವುದರಲ್ಲಿ. ಒಂದು ಶನಿವಾರ ರಾತ್ರಿ ಹುರುಳಿಕಾಳು ಸಾರು ಗಡದ್ದಾಗಿ ಉಂಡು ಬೆಳಿಗ್ಗೆ 18 ಕಿಲೋಮೀಟರ್ ಹೊರಟೆ. ಆರನೇ ಕಿಲೋಮೀಟರಿಗೇ ಹೊಟ್ಟೆ ಗುಡುಗುಡು. ಆಟೋ ಹತ್ತಿ ಮನೆಗೆ ಬಂದೆ! ಕಾಳಿನಲ್ಲಿ ನಾರು ಜಾಸ್ತಿ ಅಲ್ವಾ. ಈಗ ಲಾಂಗ್ ರನ್ (ದೂರದ ಓಟ) ಹಿಂದಿನ ರಾತ್ರಿ ಬರೀ ಅನ್ನ, ತಿಳಿಸಾರು. ಹೊರಡುವ ಮುಂಚೆ ಒಂದು ಬಾಳೆಹಣ್ಣು, ಜೇಬಲ್ಲಿ ನಾಲ್ಕು ಖರ್ಜೂರ. ಕಾಳು, ಶೇಂಗಾ ಎಲ್ಲ ಓಡಿ ಬಂದ ಮೇಲೆ.

ಕಾಳುಪಲ್ಯಕ್ಕೆ ನಿಂಬೆಹಣ್ಣು ಹಿಂಡಿ, ಕಬ್ಬಿಣದಂಶ ಮೈಗೆ ಚೆನ್ನಾಗಿ ಹಿಡಿಯುತ್ತದೆ. ಊಟದ ಜೊತೆಗೇ ಚಹಾ ಕುಡಿದರೆ ಹಾಗೆ ಹಿಡಿಯುವುದು ಕಡಿಮೆಯಾಗುತ್ತದೆ, ಒಂದು ತಾಸು ತಡೆಯಿರಿ.

ವಿಟಮಿನ್ ಬಿ12 ಮಾತ್ರ ಯಾವ ಸೊಪ್ಪು, ಕಾಳಿನಲ್ಲೂ ನೆಚ್ಚಿಕೊಳ್ಳುವಷ್ಟು ಸಿಗುವುದಿಲ್ಲ. ಸುಮ್ನೆ ಹಟ ಮಾಡದೆ ರಕ್ತ ಪರೀಕ್ಷೆ ಮಾಡಿಸಿ, ಡಾಕ್ಟರ್ ಹೇಳಿದ ಮಾತ್ರೆ ತಗೊಳ್ಳಿ.