ಮನೆತನದ ಕ್ಯಾಂಡಿ ಕಾರ್ಖಾನೆ: ಜಾಹೀರಾತಿಗೆ ಮೊದಲು, ಜಾಹೀರಾತಿನ ನಂತರ

ಮನೆತನದ ಕಾರ್ಖಾನೆಯ ಕ್ಯಾಂಡಿಯನ್ನು ಜಾಹೀರಾತು ಕೊಟ್ಟು ಆನ್‌ಲೈನಿನಲ್ಲೂ ಮಾರಲು ಹೊರಟಿದ್ದರೆ, ಮೊದಲು ಕಳೆದ 12 ತಿಂಗಳ ಲೆಕ್ಕ ಹರಡಿಕೊಂಡು ಕೂರಿ. ಒಂದೊಂದು ಬಗೆಯ ಮಾರಾಟದ ಬೆಲೆಯಿಂದಲೂ ಸಕ್ಕರೆ, ಗ್ಲೂಕೋಸ್ ಸಿರಪ್, ಪರಿಮಳ, ಹೊದಿಕೆ, ಕೂಲಿ, ಕಮಿಷನ್ ಕಳೆಯಿರಿ. ತಯಾರಿಸುವ ಬಗೆಗಳು ಹಲವಾದರೂ ದುಡಿದು ಕೊಡುವವು ಕೆಲವೇ. ಅಜ್ಜನ ಕಾಲದ್ದೆಂಬ ಮಮತೆಗೆ ನಷ್ಟದ ಬಗೆಯನ್ನು ವರ್ಷವಿಡೀ ಕುದಿಸಬೇಡಿ. ವರ್ಷಕ್ಕೊಮ್ಮೆ ಒಂದೇ ಬ್ಯಾಚ್ ತೆಗೆದು, ಅದರ ಹಳಮೆಯನ್ನೇ ಹೇಳಿ ಮಾರಿ.

ಪಾರ್ಸೆಲ್ ಬಿಚ್ಚಿದಾಗ ಕ್ಯಾಂಡಿ ಮುದ್ದೆಯಾಗಿದ್ದರೆ ಜಾಹೀರಾತಿನ ಹಣ ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದಂತೆ. ಗಟ್ಟಿ ಕ್ಯಾಂಡಿಯ ಪಾಕ 149ರಿಂದ 154 ಡಿಗ್ರಿ ಸೆಲ್ಸಿಯಸ್ ಮುಟ್ಟಲೇಬೇಕು. ಕಡಿಮೆಯಾದರೆ ನೀರಿನಂಶ ಉಳಿದು ಅಂಟಾಗುತ್ತದೆ. ಸಿಟ್ರಿಕ್ ಆಮ್ಲವನ್ನು ಕುದಿಯುವಾಗಲೇ ಹಾಕಿದರೆ ಸಕ್ಕರೆ ಒಡೆದು ಅದೇ ಪಾಡು, ಆದ್ದರಿಂದ ಒಲೆಯಿಂದ ಇಳಿಸಿ ಸ್ವಲ್ಪ ಆರಿದ ಮೇಲೆ ಬೆರೆಸಿ. ಗ್ಲೂಕೋಸ್ ಸಿರಪ್ ಕಡಿಮೆಯಾದರೆ ಸಕ್ಕರೆ ಹರಳುಗಟ್ಟಿ ಹೊಳಪು ಹೋಗುತ್ತದೆ. ಪೂರ್ತಿ ತಣ್ಣಗಾದ ಮೇಲೆ, ಒಣ ಕೋಣೆಯಲ್ಲೇ ಪ್ಯಾಕ್ ಮಾಡಿ. 10 ಪೌಚ್‌ಗಳನ್ನು ತೇವದ ಕೋಣೆಯಲ್ಲಿ ಎರಡು ವಾರ ಇಟ್ಟು ನೋಡದೆ ಆನ್‌ಲೈನ್ ಮಾರಾಟ ಶುರು ಮಾಡಬೇಡಿ.

ನಿಮ್ಮ ಬಳಿ ದೊಡ್ಡ ಕಂಪನಿಗಳಿಗಿಲ್ಲದ ದೃಶ್ಯವಿದೆ: ಕೈಯಿಂದ ಪಾಕ ಎಳೆಯುವುದು. ಎಳೆದಷ್ಟೂ ಗಾಳಿ ಸೇರಿ, ಗಾಜಿನಂತಿದ್ದ ಪಾಕ ರೇಷ್ಮೆಯಂತೆ ಬೆಳ್ಳಗಾಗುವ ಆ ಕ್ಷಣವೇ ವಿಡಿಯೋದ ಮೊದಲ 2 ಸೆಕೆಂಡಿನಲ್ಲಿರಲಿ, ಲೋಗೋ ಕೊನೆಗೆ. ಫೋನನ್ನು ನೆಟ್ಟಗೆ ಹಿಡಿದು 20-30 ಸೆಕೆಂಡಿನ ತುಣುಕು ತೆಗೆಯಿರಿ, ಕತ್ತರಿಸುವ ಟಕಟಕ ಸದ್ದನ್ನು ಹಾಗೇ ಉಳಿಸಿ. ಪಾರದರ್ಶಕ ಕ್ಯಾಂಡಿಗೆ ಬೆಳಕು ಹಿಂದಿನಿಂದ ಬರಲಿ. ಟೋಪಿ, ಕೈಗವಸು ಕಾಣಲಿ, ತಿನ್ನುವವರು ಅದನ್ನು ಗಮನಿಸುತ್ತಾರೆ.

ಒಂದೇ ಪೊಟ್ಟಣ ಕಳಿಸಿದರೆ ಕೊರಿಯರ್ ಖರ್ಚೇ ಲಾಭ ನುಂಗುತ್ತದೆ. ಮೂರು-ನಾಲ್ಕು ಬಗೆ ಸೇರಿಸಿ ಒಂದು ಪೆಟ್ಟಿಗೆ ಮಾಡಿ. ಉಚಿತ ಸಾಗಣೆಯ ಮಿತಿ ಸರಾಸರಿ ಆರ್ಡರ್‌ಗಿಂತ ತುಸು ಮೇಲಿರಲಿ.

ಆರ್ಡರೊಂದಕ್ಕೆ ಎಲ್ಲ ಖರ್ಚು ಕಳೆದು 100 ಉಳಿಯುತ್ತದೆ, ಆದರೆ ಹೊಸ ಗಿರಾಕಿಯನ್ನು ತರಲು ಜಾಹೀರಾತಿಗೆ 130 ಹೋಗುತ್ತದೆ ಎನ್ನೋಣ. ಆತ ಮತ್ತೆ ಕೊಳ್ಳದಿದ್ದರೆ 30 ನಷ್ಟ. ಹೀಗಾಗಿ ಸಣ್ಣ ಮೊತ್ತದಲ್ಲಿ ಎರಡು ವಾರ ಪರೀಕ್ಷಿಸಿ. ಒಂದು ಸಲಕ್ಕೆ ಚಿತ್ರವನ್ನೋ ಬರಹವನ್ನೋ ಒಂದನ್ನೇ ಬದಲಿಸಿ, ಇಲ್ಲವಾದರೆ ಯಾವುದು ಫಲಿಸಿತೆಂದು ತಿಳಿಯದು. ಕೊಂಡವರ ಒಪ್ಪಿಗೆ ಪಡೆದು, ಹೊಸ ಬ್ಯಾಚ್ ಬಂದಾಗ ಮಾತ್ರ ಸಂದೇಶ ಕಳಿಸಿ. ಸದಾ ರಿಯಾಯಿತಿ ಕೊಟ್ಟರೆ ಪೂರ್ತಿ ಬೆಲೆಗೆ ಯಾರೂ ಕೊಳ್ಳುವುದಿಲ್ಲ.

ಹಳೆಯ ಸಗಟು ವ್ಯಾಪಾರಿಗಳನ್ನು ಕಳೆದುಕೊಳ್ಳಬೇಡಿ. ಅವರು ಮಾರುವ ಪೊಟ್ಟಣವನ್ನೇ ಆನ್‌ಲೈನಿನಲ್ಲಿ ಅಗ್ಗಕ್ಕೆ ಇಟ್ಟರೆ ಮುಂದಿನ ತಿಂಗಳೇ ಅವರ ಆರ್ಡರ್ ನಿಲ್ಲುತ್ತದೆ. ಆನ್‌ಲೈನಿಗೆ ಬೇರೆ ತೂಕ, ಬೇರೆ ಪೆಟ್ಟಿಗೆ ಇಡಿ.