ನೃತ್ಯ ಪರೀಕ್ಷೆಗೆ ಮೊದಲು ಪಳಗಬೇಕಾದ್ದು ಕೈ

ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ನೃತ್ಯಕ್ಕೊಂದು ಸಾಲಿಲ್ಲ. ಆದರೂ ಬೆಳಗಾವಿಯ ಎಂಟು, ಒಂಬತ್ತನೇ ತರಗತಿಯ ಎಷ್ಟೋ ಮಕ್ಕಳು ಶಾಲೆ ಓದಿನ ಜತೆಗೇ ಭರತನಾಟ್ಯದ ಪರೀಕ್ಷೆ ಕಟ್ಟುತ್ತಾರೆ. ಕೆಲವರದು ರಾಜ್ಯದ ಜೂನಿಯರ್ ಪರೀಕ್ಷೆ. ಮಿರಜ್ ಕಡೆಯ ನಂಟಿರುವವರು ಅಖಿಲ ಭಾರತೀಯ ಗಾಂಧರ್ವ ಮಹಾವಿದ್ಯಾಲಯ ಮಂಡಲದ ಪ್ರಾರಂಭಿಕ, ಪ್ರವೇಶಿಕಾ ಪರೀಕ್ಷೆಗಳಿಗೆ ಕೂಡುತ್ತಾರೆ. ಟಿಳಕವಾಡಿಯ ಒಂದು ಮಹಡಿ ಕೋಣೆಯಲ್ಲಿ ನಾನು ಎರಡೂ ಬಗೆಯವರಿಗೆ ಕಲಿಸಿದ್ದೇನೆ. ಚೆಂದ ಕುಣಿಯುವ ಹುಡುಗಿಯರೇ ಪರೀಕ್ಷಕರೆದುರು ಕೂತಾಗ ತಡವರಿಸುತ್ತಾರೆ.

ಮೊದಲು ಈ ವರ್ಷದ ಪಠ್ಯಕ್ರಮ ತಂದುಕೊಳ್ಳಿ. ಅಕ್ಕನ ಹಳೇ ನೋಟ್‌ಬುಕ್ ನಂಬಬೇಡಿ. ಒಂದೇ ವರ್ಷದಲ್ಲಿ ಎರಡೂ ಪರೀಕ್ಷೆ ಕಟ್ಟುವ ಆಸೆಯೂ ಬೇಡ.

ಎರಡನೆಯದು ಹಸ್ತಗಳು. 28 ಅಸಂಯುತ ಹಸ್ತಗಳ, ಅಂದರೆ ಒಂದೇ ಕೈಯ ಮುದ್ರೆಗಳ, ಶ್ಲೋಕವನ್ನು ಆಯಾ ಮುದ್ರೆ ಹಿಡಿಯುತ್ತಲೇ ಹೇಳಿ. ಬಾಯಿಪಾಠ ಬೇರೆ, ಕೈ ಬೇರೆ ಮಾಡಿಕೊಂಡರೆ ಒಂಬತ್ತನೆಯದರ ಹೊತ್ತಿಗೆ ಎರಡೂ ಕೈಕೊಡುತ್ತವೆ. ಉಂಗುರ ಬೆರಳು ಮಾತ್ರ ಮಡಿಸಿದರೆ ತ್ರಿಪತಾಕ, ಕಿರುಬೆರಳನ್ನೂ ಮಡಿಸಿದರೆ ಅರ್ಧಪತಾಕ. ನಾನೊಮ್ಮೆ ಕೊಂಡ ಗೈಡಿನಲ್ಲಿ ಈ ಎರಡರ ಚಿತ್ರ ಅದಲುಬದಲಾಗಿತ್ತು, ಇಡೀ ಬ್ಯಾಚು ಅದನ್ನೇ ಕಲಿತುಬಿಟ್ಟಿತು. ಅಂದಿನಿಂದ ನನ್ನ ಕ್ಲಾಸಿಗೆ ಗೈಡ್ ತರುವಂತಿಲ್ಲ.

ಮೂರನೆಯದೇ ಎಡವುವ ಜಾಗ: ತಾಳ ಹಾಕುತ್ತ ಅಡವಿನ (ನೃತ್ಯದ ಮೂಲ ಹೆಜ್ಜೆಯ) ಸೊಲ್ಲುಕಟ್ಟು, ಅಂದರೆ ಬಾಯಲ್ಲಿ ಹೇಳುವ ಅದರ ಸೊಲ್ಲುಗಳ ಸಾಲು, ಹೇಳುವುದು, ಅದೂ ಮೂರು ಕಾಲದಲ್ಲಿ, ಅಂದರೆ ಮೂರು ವೇಗದಲ್ಲಿ.

ಆದಿತಾಳಕ್ಕೆ ಎಂಟು ಕ್ರಿಯೆ, ಅಂದರೆ ತಾಳ ಹಾಕುವ ಕೈಯ ಎಂಟು ಚಲನೆ. ಒಂದು ಪೆಟ್ಟು, ಆಮೇಲೆ ಕಿರುಬೆರಳು, ಉಂಗುರ ಬೆರಳು, ನಡುಬೆರಳು. ಇಲ್ಲಿಗೆ ಲಘು ಎಂಬ ಮೊದಲ ಭಾಗ ಮುಗಿಯಿತು. ಉಳಿದವು ಎರಡು ದ್ರುತ, ಅಂದರೆ ಪೆಟ್ಟು-ಹುಸಿ, ಪೆಟ್ಟು-ಹುಸಿ (ಹುಸಿ ಎಂದರೆ ಅಂಗೈ ಮೇಲಕ್ಕೆ ತಿರುಗಿಸುವುದು). ಈಗ ನಾಟಡವು ಎಂಬ ಅಡವು ತೆಗೆದುಕೊಳ್ಳಿ: ತೈ-ಯುಂ-ತತ್-ತತ್-ತೈ-ಯುಂ-ತಾ. ಎಣಿಸಿದರೆ ಏಳೇ ಸೊಲ್ಲು. ಎಂಟನೆಯದು ಬರೀ ಮೌನ. ಮಕ್ಕಳು ಈ ಮೌನವನ್ನು ನುಂಗಿ ಮುಂದಿನ 'ತೈ'ಗೆ ಹಾರುತ್ತಾರೆ, ಅಲ್ಲಿಂದ ಇಡೀ ಆವರ್ತ, ಅಂದರೆ ತಾಳದ ಪೂರ್ತಿ ಸುತ್ತು, ಜಾರುತ್ತದೆ. ಆ ಒಂದು ಅಕ್ಷರಕ್ಕೆ, ಅಂದರೆ ಒಂದು ಸೊಲ್ಲಿನಷ್ಟು ಹೊತ್ತು, ಉಸಿರು ಒಳಗೆಳೆದುಕೊಳ್ಳಲು ಹೇಳಿ. ಉಸಿರೆಳೆಯುವಾಗ ಯಾರಿಗೂ ಮಾತು ಬಾರದು.

ಒಂದನೇ ಕಾಲದಲ್ಲಿ ಒಂದು ಕ್ರಿಯೆಗೆ ಒಂದು ಅಕ್ಷರ, ಎರಡನೆಯದರಲ್ಲಿ ಎರಡು, ಮೂರನೆಯದರಲ್ಲಿ ನಾಲ್ಕು. ಬಾಯಿ ವೇಗವಾಗುತ್ತದೆ, ಕೈ ವೇಗವಾಗಬಾರದು. "ಟೀಚರ್ರ, ಬಾಯಿ ಓಡಿದ್ರ ಕೈನೂ ತಾನ ಓಡತೈತ್ರೀ" ಅಂತ ಒಬ್ಬಳು ಅಳುಮುಖ ಮಾಡಿದ್ದಳು. ಅವಳಿಗೆ ಕೊಟ್ಟ ಗುರುತುಗಳೇ ಇವು. ಎರಡನೇ ಕಾಲದಲ್ಲಿ ಮೊದಲ ನಾಟಡವು ನಡುಬೆರಳಿಗೆ ಮುಗಿದು, ಎರಡನೆಯದು ಮೊದಲ ದ್ರುತದ ಪೆಟ್ಟಿಗೆ ಹುಟ್ಟಬೇಕು. ಮೂರನೇ ಕಾಲದಲ್ಲಿ ಒಂದಾವರ್ತಕ್ಕೆ ನಾಲ್ಕು ನಾಟಡವು: ಲಘುವಿನ ಪೆಟ್ಟು, ಉಂಗುರ ಬೆರಳು, ಮೊದಲ ದ್ರುತದ ಪೆಟ್ಟು, ಎರಡನೇ ದ್ರುತದ ಪೆಟ್ಟು, ಈ ನಾಲ್ಕೂ ಕಡೆ ನಾಟಡವಿನ ಮೊದಲ 'ತೈ' ಬೀಳಬೇಕು. ಬೇರೆಲ್ಲೋ ಬಿದ್ದರೆ ಅಲ್ಲೇ ನಿಲ್ಲಿಸಿ, ಒಂದನೇ ಕಾಲಕ್ಕೇ ವಾಪಸ್ ಬನ್ನಿ. "ಇರಲಿ, ಮುಂದೆ ಹೋಗೂಣು" ಅಂದಿರೋ, ಆ ತಪ್ಪೇ ಅಭ್ಯಾಸವಾಗುತ್ತದೆ.

ಇದಕ್ಕೆ ಮೊಬೈಲಿನ ತಾಳದ ಆ್ಯಪ್ ಬೇಡವೇ ಬೇಡ. ತಾಳವನ್ನು ಅದೇ ಹಿಡಿಯುತ್ತದೆ, ನಿಮ್ಮ ಕೈ ಕಲಿಯುವುದಿಲ್ಲ. ಗೋಡೆ ಗಡಿಯಾರದ ಸೆಕೆಂಡ್ ಮುಳ್ಳು ಸಾಕು: ಸೆಕೆಂಡಿಗೊಂದು ಕ್ರಿಯೆ, ಎಂಟು ಸೆಕೆಂಡಿಗೆ ಒಂದಾವರ್ತ. ಮೂರನೇ ಕಾಲ ನಾಲಿಗೆಗೆ ತೊಡಕಾದರೆ ಮೊದಲ ವಾರ ಕ್ರಿಯೆಗೆ ಎರಡು ಸೆಕೆಂಡ್ ಕೊಡಿ. ಅಮ್ಮ ಚಪಾತಿ ಲಟ್ಟಿಸುವಾಗ ಎದುರು ಕೂತು ಹೇಳಿದರೆ ಇನ್ನೂ ಒಳ್ಳೆಯದು. ಸದ್ದುಗದ್ದಲದ ನಡುವೆ ನಿಂತ ತಾಳ ಪರೀಕ್ಷಕರ ಎದುರೂ ನಿಲ್ಲುತ್ತದೆ.

ಅಲರಿಪು, ಜತಿಸ್ವರದಂಥ ನೃತ್ಯಗಳನ್ನು ಮಕ್ಕಳು ಹೇಗೂ ಮಾಡುತ್ತಾರೆ. ಅರಮಂಡಿ (ಮಂಡಿ ಹೊರಕ್ಕೆ ಮಡಿಸಿ ಅರ್ಧ ಕೂತ ನಿಲುವು) ಮಾತ್ರ ಕೊನೆತನಕ ಇರಲಿ.

ಗೆಜ್ಜೆಯದೊಂದು ಮಾತು. ಅಂಟು ಹಚ್ಚಿ ಕೂರಿಸಿದ ಅಗ್ಗದ ಗೆಜ್ಜೆ ಕೊಳ್ಳಬೇಡಿ, ಒಂದೊಂದೇ ಉದುರುತ್ತವೆ. ದಾರದಲ್ಲಿ ಗಟ್ಟಿಯಾಗಿ ಹೊಲಿದ ಹಿತ್ತಾಳೆಯದೇ ಇರಲಿ, ಪರೀಕ್ಷೆಗೆ ತಿಂಗಳು ಮೊದಲೇ ಕಟ್ಟಿ ಕುಣಿಯಿರಿ. ಪರೀಕ್ಷೆಯ ದಿನ ಬಿಗಿಯಾಗಿ ಕಟ್ಟಿ, ಹತ್ತು ಸಲ ಕಾಲು ತಟ್ಟಿ ನೋಡಿಕೊಂಡು ಒಳಗೆ ಹೋಗಿ.