ಅಂಗಡಿಗೆ ಪರಭಾಷೆಯ ಹೆಸರೇ? ಬೋರ್ಡ್ ಬರೆಸುವ ಮೊದಲು ಇಷ್ಟು ಮಾಡಿ

ಪರಿಚಯದವರೊಬ್ಬರು ಬೇಕರಿಗೆ ‘ಪಾನೆ’ ಎಂದು ಹೆಸರಿಟ್ಟರು. ಬೋರ್ಡ್, ಡಬ್ಬ, ಕವರ್ ಎಲ್ಲಾ ಅಚ್ಚಾದ ಮೇಲೆ, ಆ ಹೆಸರು ತಮ್ಮದೇ ಎಂದು ನೋಂದಾಯಿಸಲು ಟ್ರೇಡ್‌ಮಾರ್ಕ್‌ಗೆ ಅರ್ಜಿ ಹಾಕಿದರು. ಆಕ್ಷೇಪ ಬಂತು. ಇಟಾಲಿಯನ್‌ನಲ್ಲಿ ಪಾನೆ ಎಂದರೆ ಬ್ರೆಡ್! ಬ್ರೆಡ್ ಮಾರುವವರು ಬ್ರೆಡ್ ಎಂಬ ಪದವೇ ನಮ್ಮದು ಅಂದಂತಾಯಿತು. ಇಂಥ ತಪ್ಪು ಮತ್ತೆ ಮತ್ತೆ ಕಾಣುತ್ತೇನೆ.

ಹಂತ 1: ಅರ್ಥ ತಿಳಿಯಿರಿ. 1999ರ ಟ್ರೇಡ್ ಮಾರ್ಕ್ಸ್ ಕಾಯ್ದೆಯ 9ನೇ ಸೆಕ್ಷನ್ ಪ್ರಕಾರ, ಸರಕಿನ ಬಗೆ ಅಥವಾ ಗುಣವನ್ನಷ್ಟೇ ಹೇಳುವ ಪದಕ್ಕೆ ನೋಂದಣಿ ಸಿಗುವುದು ಕಷ್ಟ. ಅಮೆರಿಕದಲ್ಲೂ ಹೀಗೇ. ಫ್ರೆಂಚ್‌ನಲ್ಲಿ ‘ಬಟ್ಟೆ’ ಎಂಬ ಅರ್ಥದ ‘ವೆತ್ಮಾಂ’ ಹೆಸರನ್ನು ಬಟ್ಟೆಯ ಬ್ರ್ಯಾಂಡ್‌ಗೆ ನೋಂದಣಿ ಮಾಡಿಕೊಡಲು ಅಲ್ಲಿನ ಕೋರ್ಟ್ 2025ರಲ್ಲಿ ಒಪ್ಪಲಿಲ್ಲ. ಆ್ಯಪ್ ಒಂದನ್ನೇ ನಂಬದೆ ಆ ಭಾಷೆ ಬಲ್ಲವರನ್ನು ಕೇಳಿ. ವ್ಯಾಪಾರಕ್ಕೆ ಸಂಬಂಧವೇ ಇಲ್ಲದ ಪದ ಹಿಡಿಯಿರಿ. ಕಾಫಿ ಅಂಗಡಿಗೆ ಜಪಾನಿ ಭಾಷೆಯ ‘ನೆಕೊ’, ಅಂದರೆ ಬೆಕ್ಕು, ಇಂಥದ್ದು.

ಹಂತ 2: ಹುಡುಕಿ. ಹೆಚ್ಚಿನವರು ಎಡವುವುದು ಇಲ್ಲೇ. ಟ್ರೇಡ್ ಮಾರ್ಕ್ಸ್ ರಿಜಿಸ್ಟ್ರಿಯ ವೆಬ್‌ಸೈಟ್‌ನಲ್ಲಿ ಹುಡುಕಾಟ ಉಚಿತ. ಒಂದೇ ಸ್ಪೆಲ್ಲಿಂಗ್ ಹಾಕಿ ಸುಮ್ನೆ ಎದ್ದುಬಿಡಬೇಡಿ, ಫೊನೆಟಿಕ್ ಹುಡುಕಾಟವನ್ನೂ, ಅಂದರೆ ಉಚ್ಚಾರದಲ್ಲಿ ಹೋಲುವ ಹೆಸರುಗಳ ಹುಡುಕಾಟವನ್ನೂ ಮಾಡಿ. ಕರ್ನಾಟಕದಲ್ಲಿ ಬೋರ್ಡಿನ ಶೇ 60 ಕನ್ನಡ ಇರಬೇಕು ಅಲ್ವಾ? ಹಾಗಾಗಿ ಹೆಸರನ್ನು ಕನ್ನಡದಲ್ಲಿ ಬರೆದು ನಾಲ್ಕು ಜನರಿಂದ ಓದಿಸಿ. ಅವರು ಎಷ್ಟು ಬಗೆಯಲ್ಲಿ ಉಚ್ಚರಿಸುತ್ತಾರೋ ಅಷ್ಟನ್ನೂ ಹುಡುಕಿ. ಆ ಪದದ ಅರ್ಥವನ್ನು ಇಂಗ್ಲಿಷ್, ಹಿಂದಿಯಲ್ಲೂ ಹಾಕಿ ನೋಡಿ. ಕೆಎಂಎಫ್‌ನ ‘ನಂದಿನಿ’ ಮತ್ತು ‘ನಂಧಿನಿ ಡಿಲಕ್ಸ್’ ಹೋಟೆಲಿನ ಜಗಳ ಸುಪ್ರೀಂ ಕೋರ್ಟ್‌ವರೆಗೂ ಹೋಯಿತು. 2018ರಲ್ಲಿ ಹೋಟೆಲ್ ಗೆದ್ದಿತು ನಿಜ, ಆದರೆ ವರ್ಷಗಟ್ಟಲೆ ಕಾದ ಮೇಲೆ. ದುಡ್ಡು ಕೊಟ್ಟು ತರುವ ಅಗ್ಗದ ‘ಸರ್ಚ್ ರಿಪೋರ್ಟ್’ಗಳಲ್ಲಿ ಈ ಕೆಲಸ ಅರ್ಧಂಬರ್ಧ. ನೀವೇ ಕೂತು ಮಾಡಿ.

ಹಂತ 3: ಟಿಎಂ-ಎ, ಅಂದರೆ ನೋಂದಣಿಯ ಅರ್ಜಿ ನಮೂನೆ. ಆನ್‌ಲೈನ್‌ನಲ್ಲಿ ಹಾಕಿದರೆ ವ್ಯಕ್ತಿಗಳಿಗೆ, ಸಣ್ಣ ಉದ್ಯಮಗಳಿಗೆ ಒಂದು ವರ್ಗಕ್ಕೆ (ಸರಕು, ಸೇವೆಗಳನ್ನು ಹೀಗೆ ವಿಂಗಡಿಸಿರುತ್ತಾರೆ) 4,500 ರೂಪಾಯಿ. ಬ್ರೆಡ್, ಬಿಸ್ಕತ್ತು 30ನೇ ವರ್ಗ. ಕೂತು ತಿನ್ನುವ ಜಾಗವಿದ್ದರೆ 43 ಕೂಡ ಬೇಕು. ಹೆಸರು ಇಂಗ್ಲಿಷ್, ಹಿಂದಿ ಬಿಟ್ಟು ಬೇರೆ ಲಿಪಿಯಲ್ಲಿದ್ದರೆ ಉಚ್ಚಾರ, ಅನುವಾದ, ಭಾಷೆ ಮೂರನ್ನೂ ಬರೆಯಬೇಕು. ಕನ್ನಡ ಲಿಪಿಗೂ ಇದೇ ನಿಯಮ. ರೋಮನ್ ಅಕ್ಷರದಲ್ಲಿ ಬರೆದರೂ ಅರ್ಥವನ್ನು ಮುಚ್ಚಿಡಬೇಡಿ.

‘ಲೋಗೊ ಜೊತೆ ಹಾಕಿ, ಸಲೀಸಾಗಿ ಪಾಸಾಗುತ್ತೆ’ ಅನ್ನುವ ಏಜೆಂಟರಿದ್ದಾರೆ. ಪಾಸಾಗಬಹುದು. ಆದರೆ ರಕ್ಷಣೆ ಸಿಗುವುದು ಆ ಇಡೀ ಚಿತ್ರಕ್ಕೆ, ಪದಕ್ಕಲ್ಲ. ಮೊದಲು ಪದಕ್ಕೇ ಅರ್ಜಿ ಹಾಕಿ.

ಹಂತ 4: ಆಕ್ಷೇಪ ಬಂದರೆ 30 ದಿನದೊಳಗೆ ಉತ್ತರಿಸಿ. ಅರ್ಜಿ ರಿಜಿಸ್ಟ್ರಿಯ ಜರ್ನಲ್‌ನಲ್ಲಿ ಪ್ರಕಟವಾದ ಮೇಲೆ ಬೇರೆಯವರು ವಿರೋಧಿಸಲು 4 ತಿಂಗಳಿರುತ್ತದೆ. ನೋಂದಣಿ ಆಗುವವರೆಗೆ ‘ಟಿಎಂ’ ಎಂದಷ್ಟೇ ಹಾಕಿಕೊಳ್ಳಿ. ವೃತ್ತದೊಳಗಿನ ‘ಆರ್’ ಗುರುತು ಆಮೇಲೆ.